ಯಂತ್ರ ಬಂತು, ಫಿಟ್ಟರ್ ಬರಲಿಲ್ಲ

ಒಬ್ಬ ಪಟ್ಟಿ ನೋಡಿ ಅಂಕಿ ಕೂಗುವುದು. ಅದನ್ನು ಕೇಳಿಸಿಕೊಂಡು ಇನ್ನಿಬ್ಬರು ಮಿಲ್ಲಿಂಗ್ ಯಂತ್ರದ ಕೈಚಕ್ರ ತಿರುಗಿಸುವುದು, ಒಬ್ಬ ಉದ್ದಕ್ಕೆ, ಇನ್ನೊಬ್ಬ ಅಡ್ಡಕ್ಕೆ. ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಎಂಬ ಕಾರ್ಖಾನೆದಾರ ಹೆಲಿಕಾಪ್ಟರ್ ರೆಕ್ಕೆಗಳಿಗೆ ಬೇಕಾದ ಅಚ್ಚುಗಳನ್ನು ಕೊರೆಸುತ್ತಿದ್ದುದು ಹೀಗೆ. ಮೊದಮೊದಲು ಅಂಥ ಪಟ್ಟಿಯೂ ಇರಲಿಲ್ಲ. ಗಿರಾಕಿ ಕಂಪನಿ ಕೊಡುತ್ತಿದ್ದುದು ವಕ್ರರೇಖೆಯ ಮೇಲಿನ 17 ಬಿಂದುಗಳನ್ನು ಮಾತ್ರ. ಉಳಿದದ್ದನ್ನು ಕೈಯಂದಾಜಿನಲ್ಲಿ ಎಳೆದುಕೊಳ್ಳಬೇಕಿತ್ತು. ಪಾರ್ಸನ್ಸ್‌ನ ಎಂಜಿನಿಯರ್ ಫ್ರಾಂಕ್ ಸ್ಟುಲೆನ್ ಐಬಿಎಂನ ಪಂಚ್‌ಕಾರ್ಡ್ ಯಂತ್ರದಲ್ಲಿ ಲೆಕ್ಕ ಹಾಕಿಸಿ ಅವನ್ನು 200 ಬಿಂದುಗಳಿಗೆ ಏರಿಸಿದ. ಅಷ್ಟಾದ ಮೇಲೆ ಪಾರ್ಸನ್ಸ್‌ಗೆ ಮುಂದಿನ ಯೋಚನೆ ಹೊಳೆಯಿತು: ಅಂಕಿ ಯಂತ್ರದಿಂದಲೇ ಬರುತ್ತಿರುವಾಗ ಚಕ್ರ ತಿರುಗಿಸುವುದಕ್ಕೆ ಮನುಷ್ಯರೇ ಏಕೆ ಬೇಕು?

ಇವತ್ತು ಚೀನಾದಿಂದ ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಬಂದಿಳಿಯುವ ‘3018’ ಎಂಬ ಪುಟ್ಟ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ, ಆ ಪ್ರಶ್ನೆಯ ಮರಿಮಗ. 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಹಲಗೆಯ ಮೇಲೆ ಕೊರೆಯುತ್ತದೆ ಎನ್ನುವುದೇ ಹೆಸರಿನ ಗುಟ್ಟು.

ಪಾರ್ಸನ್ಸ್ 1949ರಲ್ಲಿ ಅಮೆರಿಕದ ವಾಯುಪಡೆಯಿಂದ ಗುತ್ತಿಗೆ ಪಡೆದ. ಮೋಟರು ನಿಯಂತ್ರಣದ ವಿದ್ಯೆ ತನಗೆ ಸಾಲದೆಂದು ಎಂಐಟಿಯ ಸರ್ವೋ ಪ್ರಯೋಗಾಲಯವನ್ನು ಜತೆಗೆ ಸೇರಿಸಿಕೊಂಡ. ಅಲ್ಲಿಂದ ಕಥೆ ಅವನ ಕೈ ತಪ್ಪಿತು. ಅವನು ಕೇಳಿದ್ದು ಬಿಂದುವಿನಿಂದ ಬಿಂದುವಿಗೆ ಹೋಗಿ ಕೊರೆಯುವ ಸರಳ ಸಾಧನ. ಪಂಡಿತರು ಕಟ್ಟಲು ಹೊರಟಿದ್ದು ಮೂರೂ ಅಕ್ಷಗಳಲ್ಲಿ ಎಡೆಬಿಡದೆ ಚಲಿಸುವ, ನೂರಾರು ವ್ಯಾಕ್ಯೂಮ್ ಟ್ಯೂಬುಗಳ ದೈತ್ಯ. ಕೊನೆಗೆ ವಾಯುಪಡೆ ಎಂಐಟಿಯ ಜತೆ ನೇರ ವ್ಯವಹಾರಕ್ಕಿಳಿಯಿತು, ಕರೆತಂದವನೇ ಹೊರಗುಳಿದ. ಅವನೂ ಸುಮ್ಮನಿರುವ ಆಸಾಮಿಯಲ್ಲ. 1952ರ ಮೇ ತಿಂಗಳಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಎಂಐಟಿಯ ಅರ್ಜಿ ಹೋದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಯಂತ್ರದ ಸಾರ್ವಜನಿಕ ಪ್ರದರ್ಶನವೂ ನಡೆಯಿತು. ಆದರೆ 1958ರಲ್ಲಿ ಪೇಟೆಂಟ್ ಸಿಕ್ಕಿದ್ದು ಪಾರ್ಸನ್ಸ್‌ಗೆ. ಎಂಐಟಿ 1962ರ ತನಕ ಕಾಯಬೇಕಾಯಿತು. ಕಾಲೇಜು ಪದವಿ ಇಲ್ಲದ ಕಾರ್ಖಾನೆದಾರ ಗೆದ್ದ ಈ ಜಗಳವನ್ನು ಓದುವಾಗ ಖುಷಿಯಾಗದಿದ್ದರೆ ಹೇಗೆ?

ಖುಷಿಗೆ ಸ್ವಲ್ಪ ಕಹಿಯೂ ಬೆರೆತಿದೆ. ಅದೇ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಇನ್ನೊಂದು ದಾರಿ ಹಿಡಿದಿತ್ತು. ನುರಿತ ಕೆಲಸಗಾರ ಒಮ್ಮೆ ಕೈಯಾರೆ ಮಾಡಿದ ಚಲನೆಯನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ಹಿಡಿದಿಟ್ಟು ಮತ್ತೆ ಮತ್ತೆ ನಡೆಸುವ ಪದ್ಧತಿ ಅದು. ಅದು ಮೂಲೆ ಸೇರಿದ್ದಕ್ಕೆ ತಾಂತ್ರಿಕ ಕಾರಣಗಳಷ್ಟೇ ಇರಲಿಲ್ಲ, ಕಾರ್ಖಾನೆಯ ಹಿಡಿತ ಕೆಲಸಗಾರನಲ್ಲಿ ಉಳಿಯಬಾರದೆಂಬ ಆಡಳಿತದ ಹಟವೂ ಇತ್ತು ಎಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ಪುಸ್ತಕದಲ್ಲಿ ವಾದಿಸಿದ್ದಾನೆ. ಎಲ್ಲರೂ ಒಪ್ಪಬೇಕಿಲ್ಲ. ಆದರೆ 3018ರ ಡಬ್ಬಿ ಬಿಚ್ಚಿದವರಿಗೆ ಹೊರಹಾಕಲ್ಪಟ್ಟ ಆ ನುರಿತ ಕೆಲಸಗಾರ, ಆ ಫಿಟ್ಟರ್, ನೆನಪಾಗದೆ ಇರಲಾರ.

ನಡುವಿನ ದಶಕಗಳಲ್ಲಿ ಟೇಪು ಹೋಗಿ ಕಂಪ್ಯೂಟರ್ ಬಂತು, ಆಜ್ಞೆಗಳಿಗೆ ಜಿ-ಕೋಡ್ ಎಂಬ ಭಾಷೆ ನೆಲೆಯಾಯಿತು. ಹವ್ಯಾಸಿಗಳು ಹಳೆಯ ಪಿಸಿಯ ಪ್ರಿಂಟರ್ ಪೋರ್ಟಿನಿಂದ ಮೋಟರು ಓಡಿಸುತ್ತಿದ್ದರು. ಆ ಪೋರ್ಟೇ ಕಣ್ಮರೆಯಾಗತೊಡಗಿದಾಗ, 2009ರಲ್ಲಿ, ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಹಿಡಿಸುವಂಥ ‘ಗರ್ಬಲ್’ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. 2011ರಿಂದ ಅದನ್ನು ಬೆಳೆಸಿದವನು ಸನ್ನಿ ಜಿಯಾನ್. ಪಾರ್ಸನ್ಸ್ ಮತ್ತು ಎಂಐಟಿ ಕಚ್ಚಾಡಿದ ವಿದ್ಯೆ ಈಗ 32 ಕಿಲೋಬೈಟಿನ ಚಿಪ್ಪಿನೊಳಗೆ ಪುಕ್ಕಟೆ. ಗರ್ಬಲ್‌ನಿಂದಲೇ ಓಡುವ 3018ರಂಥ ಅಗ್ಗದ ಯಂತ್ರ ಮಾರುವವರು ಮಾತ್ರ ಅದನ್ನು ಬರೆದು ಬೆಳೆಸಿದ ಈ ಇಬ್ಬರ ಹೆಸರು ಎತ್ತುವುದು ಅಪರೂಪ.

ಇನ್ನು 3018 ಯಂತ್ರದ ಗೋಳು. ಕೆಲವು ಸಲ ಕಂಪ್ಯೂಟರು ಯಂತ್ರದ ಬೋರ್ಡನ್ನು ಗುರುತಿಸುವುದಿಲ್ಲ. ಸಿಎಚ್340 ಚಿಪ್ಪಿನ ಡ್ರೈವರ್ ಹಾಕಬೇಕು. ಅದಾಯಿತು ಎಂದರೆ ಕೆತ್ತನೆ ಅರ್ಧಕ್ಕೆ ಬಂದಾಗ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತದೆ. ಚಲನೆ ನಿಂತಿದೆ, ಸ್ಪಿಂಡಲ್ ತಿರುಗುತ್ತಲೇ ಇದೆ, ಬಿಟ್ ಮರದ ಒಂದೇ ಜಾಗದಲ್ಲಿ ಉಜ್ಜಿ ಹೊಗೆ ಏಳುತ್ತಿದೆ. ಹಲವರು ಲ್ಯಾಪ್‌ಟಾಪನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ಸ್ಪಿಂಡಲ್ಲಿನ 775 ಮೋಟರಿನದು. ಅದರ ಬ್ರಷ್ಷುಗಳ ಕಿಡಿಯಿಂದ ಹುಟ್ಟುವ ವಿದ್ಯುತ್ ಗದ್ದಲ ಕೇಬಲ್ಲಿಗೆ ನುಗ್ಗುತ್ತದೆ. ಮೋಟರಿನ ಎರಡು ತುದಿಗಳ ನಡುವೆ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಗಿಡ್ಡನೆಯ ಯುಎಸ್‌ಬಿ ಕೇಬಲನ್ನು ಮೋಟರಿನ ತಂತಿಯಿಂದ ದೂರ ಹಾಯಿಸಿದರೆ ಬಹುಪಾಲು ಶಮನ. ಕೆಪಾಸಿಟರಿನಿಂದ ಹಿಡಿದು ಬದಲಿ ಮೋಟರಿನವರೆಗೆ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಅಳತೆಯ ತಕರಾರು ಇನ್ನೂ ಸ್ವಾರಸ್ಯದ್ದು. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಮೋಟರನ್ನು ನಡೆಸುವ ಡ್ರೈವರ್ ಚಿಪ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡುತ್ತದೆ, ಒಟ್ಟು 3,200. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಸರಿದರೆ ಪ್ರತಿ ಮಿಲಿಮೀಟರಿಗೆ 800. ಸೆಟ್ಟಿಂಗಿನಲ್ಲಿ 400 ಎಂದು ಕೂತಿದ್ದರೆ 100 ಮಿ.ಮೀ. ಹೋಗು ಎಂದಾಗ ಯಂತ್ರ 50ಕ್ಕೇ ನಿಲ್ಲುತ್ತದೆ. ಅಂಥ ನೇರ ಅರ್ಧ, ನೇರ ದುಪ್ಪಟ್ಟು ಬಂದರೆ ಲೆಕ್ಕ ತಿದ್ದಬೇಕು. 98 ಬಂದರೆ ಅಂಕಿಗೆ ಕೈ ಹಚ್ಚಬಾರದು, ಅಲೆನ್ ಕೀ ಹಿಡಿಯಬೇಕು. ಮೋಟರನ್ನೂ ಸ್ಕ್ರೂವನ್ನೂ ಕೂಡಿಸುವ ಕಪ್ಲಿಂಗಿನ ಗ್ರಬ್ ಸ್ಕ್ರೂ ಸಡಿಲವಾಗಿ ಜಾರುತ್ತಿರುತ್ತದೆ, ಇಲ್ಲವೇ ವೇಗ ಅತಿಯಾಗಿ ಮೋಟರ್ ಹೆಜ್ಜೆ ತಪ್ಪುತ್ತಿರುತ್ತದೆ. ಸಡಿಲಿಕೆಯನ್ನು ಸಾಫ್ಟ್‌ವೇರಿನಲ್ಲಿ ಸರಿಮಾಡಲು ಹೊರಟವರ ಯಂತ್ರ ಇವತ್ತು ಒಂದು ಅಳತೆ, ನಾಳೆ ಇನ್ನೊಂದು ಕೊಡುತ್ತದೆ. ಬೆರಳಿಟ್ಟು ಅಲುಗಾಟ ಪತ್ತೆ ಹಚ್ಚುತ್ತಿದ್ದ ಫಿಟ್ಟರಿನ ಕೆಲಸವನ್ನೇ ಕೊಂಡವನು ಮಾಡಬೇಕು. ಸಂಬಳವಿಲ್ಲ, ಅಷ್ಟೆ.

ಕೊಳ್ಳುವವರಿಗೆ ಎರಡು ಮಾತು. ಬೋರ್ಡಿಗೆ ಕರೆಂಟ್ ಇರುವಾಗ ಸ್ಟೆಪ್ಪರ್ ಮೋಟರಿನ ವೈರ್ ಕೀಳಬೇಡಿ, ಡ್ರೈವರ್ ಚಿಪ್ ಸುಟ್ಟುಹೋಗಬಹುದು. ಯಂತ್ರ ಸರಿಯಾಗಿ ಓಡಲು ಶುರುವಾದ ದಿನವೇ ಡಾಲರ್ ಚಿಹ್ನೆಯನ್ನು ಎರಡು ಬಾರಿ ಟೈಪ್ ಮಾಡಿ ಎಂಟರ್ ಒತ್ತಿ. ಗರ್ಬಲ್ ತನ್ನ ಎಲ್ಲ ಸೆಟ್ಟಿಂಗುಗಳ ಪಟ್ಟಿ ಕೊಡುತ್ತದೆ. ಅದನ್ನು ಕಾಗದಕ್ಕೆ ಇಳಿಸಿ ಇಟ್ಟುಕೊಳ್ಳಿ. ಬೋರ್ಡು ಕೆಟ್ಟು ಹೊಸದು ಹಾಕಿದಾಗ ಬೇಕಾಗುವುದು ಆ ಅಂಕಿಗಳೇ.