ಕಂಪನಿಗೂ ಗೊತ್ತಿಲ್ಲದ ನಿಮ್ಮ ಗುಟ್ಟು

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದಾರೆ: ‘ಪಾಸ್‌ವರ್ಡ್ ಮರೆತುಹೋಯಿತು. ಫೋನ್ ಮಾಡಿದರೆ ಹೊಸದು ಮಾಡಿಕೊಳ್ಳಿ ಅನ್ನುತ್ತಾರೆಯೇ ಹೊರತು ಹಳೆಯದನ್ನು ಹೇಳುವುದಿಲ್ಲ. ನಾನೇ ಕೊಟ್ಟಿದ್ದನ್ನು ನನಗೆ ಹೇಳುವುದಕ್ಕೆ ಇವರಿಗೇನು ಕಷ್ಟ?’

ಕಷ್ಟವೇನೂ ಇಲ್ಲ ಮೇಷ್ಟ್ರೇ, ಅವರಿಗೆ ಗೊತ್ತಿಲ್ಲ ಅಷ್ಟೆ. ಫೋನ್ ಎತ್ತಿದ ಹುಡುಗಿಗೂ ಗೊತ್ತಿಲ್ಲ, ಅಲ್ಲಿನ ಭದ್ರತಾ ವಿಭಾಗದ ಮುಖ್ಯಸ್ಥರಿಗೂ ಗೊತ್ತಿಲ್ಲ. ಕೋಟ್ಯಂತರ ಗ್ರಾಹಕರ ಪಾಸ್‌ವರ್ಡುಗಳನ್ನು ಸಾಲಾಗಿ ಬರೆದಿಟ್ಟ ಪಟ್ಟಿಯೊಂದು ಎಲ್ಲೋ ಏಳು ಬಾಗಿಲುಗಳ ಹಿಂದೆ ಭದ್ರವಾಗಿದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ನೆಟ್ಟಗೆ ಕೆಲಸ ಮಾಡುವ ಕಂಪನಿಯಲ್ಲಿ ಅಂಥ ಪಟ್ಟಿ ಇರುವುದೇ ಇಲ್ಲ. ಯಾವುದಾದರೂ ಜಾಲತಾಣ ನಿಮ್ಮ ಹಳೆಯ ಪಾಸ್‌ವರ್ಡನ್ನು ಹಾಗೇ ಈಮೇಲ್ ಮಾಡಿತೋ, ಧನ್ಯವಾದ ಹೇಳಬೇಡಿ, ಅಲ್ಲಿಂದ ಕಾಲು ಕೀಳಿ.

ಪಟ್ಟಿ ಇಟ್ಟುಕೊಂಡರೆ ಏನಾಗುತ್ತದೆ ಎಂಬುದು 1966ರಲ್ಲೇ ಬಯಲಾಗಿತ್ತು. ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಿತ್ತು. ಲಾಗಿನ್ ಆದವರಿಗೆ ಅಂದಿನ ಪ್ರಕಟಣೆ ಕಾಣಿಸುತ್ತಿತ್ತು. ಒಂದು ದಿನ ಪ್ರಕಟಣೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳೂ ಬಂದು ಕುಳಿತವು! ಆದದ್ದಿಷ್ಟು: ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿಯನ್ನು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರಿಡುತ್ತಿದ್ದರಿಂದ ಎರಡೂ ಅದಲುಬದಲಾದವು. ಆ ವ್ಯವಸ್ಥೆಯನ್ನು ಕಟ್ಟಿದ ಫರ್ನಾಂಡೊ ಕೊರ್ಬಾಟೊ ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ, ತಮ್ಮ ಭಾಷಣದಲ್ಲೇ ಈ ಎಡವಟ್ಟನ್ನು ವಿವರಿಸಿದ್ದರು. ಕಳ್ಳನೇ ಇಲ್ಲದ ಕಳವು ಇದು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕೇಂಬ್ರಿಜ್‌ನ ರೋಜರ್ ನೀಡಮ್ ಒಂದು ಉಪಾಯ ಹೂಡಿದರು. ಪಾಸ್‌ವರ್ಡನ್ನು ಇಟ್ಟುಕೊಳ್ಳುವುದೇ ಬೇಡ, ಅದನ್ನು ಒಂದು ಗಣಿತಕ್ಕೆ ಹಾಕಿ ರುಬ್ಬಿ, ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳೋಣ. ರುಬ್ಬಿದ ಹಿಟ್ಟಿನಿಂದ ಅಕ್ಕಿ ಉದ್ದನ್ನು ಮರಳಿ ಹೆಕ್ಕಲಾಗದು. ಈ ಗಣಿತದ ವಿಶೇಷವೆಂದರೆ ಅದೇ ಪಾಸ್‌ವರ್ಡ್ ಹಾಕಿದರೆ ಪ್ರತಿಸಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಅದೇ ಫಲಿತಾಂಶ ಬರುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ನೀವು ಲಾಗಿನ್ ಆಗುವಾಗ ಕಂಪನಿ ತಾಳೆ ನೋಡುವುದು ಹ್ಯಾಶ್‌ಗೆ ಹ್ಯಾಶನ್ನು.

ಒಂದು ತೂತು ಉಳಿಯಿತು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೆ ಹ್ಯಾಶ್ ಕೂಡ ಒಂದೇ ಆಗಿಬಿಡುತ್ತದೆ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಲೇಖನದಲ್ಲಿ ಅದಕ್ಕೆ ಪರಿಹಾರ ಬರೆದರು: ರುಬ್ಬುವ ಮೊದಲು ಪ್ರತಿಯೊಬ್ಬರ ಪಾಸ್‌ವರ್ಡಿಗೂ ಗೊತ್ತುಗುರಿಯಿಲ್ಲದೆ ಆರಿಸಿದ ಬೇರೆ ಬೇರೆ ಅಂಕಿಗಳ ಒಂದು ಚಿಟಿಕೆ ‘ಉಪ್ಪು’ ಸೇರಿಸಿ. ಜೊತೆಗೆ, ಒಂದೇ ಸಲಕ್ಕೆ ಬಿಡದೆ 25 ಸಲ ರುಬ್ಬಿ.

ಈ 25 ಸಲದ ವಿಚಾರ ನನಗೆ ಬಹಳ ಪ್ರಿಯ. ವೇಗ ವೇಗ ಎಂದು ಬಡಿದಾಡುವ ಕಂಪ್ಯೂಟರ್ ಲೋಕದಲ್ಲಿ ಬೇಕೆಂದೇ ನಿಧಾನ ಮಾಡುವ ಜಾಗವಿದು. 1999ರಲ್ಲಿ ಬಂದ ‘ಬಿಕ್ರಿಪ್ಟ್’ ಎಂಬ ವಿಧಾನದಲ್ಲಂತೂ ಎಷ್ಟು ನಿಧಾನ ಬೇಕೆಂದು ತಿರುಗಿಸಿಕೊಳ್ಳಲು ತಿರುಪೇ ಇದೆ. ಯಂತ್ರಗಳು ಚುರುಕಾದಂತೆ ತಿರುಪನ್ನು ಬಿಗಿ ಮಾಡುತ್ತಾ ಹೋಗಬಹುದು. ಲಾಗಿನ್ ಆಗಲು ಕಾಲು ಸೆಕೆಂಡು ತಡವಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಒಂದೊಂದಾಗಿ ನೂರು ಕೋಟಿ ಊಹೆಗಳನ್ನು ಪರೀಕ್ಷಿಸಲು ಕೂತ ಕಳ್ಳನಿಗೆ ಅದೇ ಕಾಲು ಸೆಕೆಂಡಿನ ಲೆಕ್ಕದಲ್ಲಿ ಸುಮಾರು 8 ವರ್ಷ ಹಿಡಿಯುತ್ತದೆ, ಅದೂ ಒಬ್ಬರ ಪಾಸ್‌ವರ್ಡಿಗೆ.

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡವರು ಜಾರಿದ್ದಾರೆ. 2013ರಲ್ಲಿ ಅಡೋಬಿ ಕಂಪನಿಯಿಂದ 15 ಕೋಟಿಗೂ ಹೆಚ್ಚು ದಾಖಲೆಗಳು ಸೋರಿದವು. ಅವರು ಹ್ಯಾಶ್ ಮಾಡಿರಲಿಲ್ಲ, ಉಪ್ಪೂ ಹಾಕಿರಲಿಲ್ಲ. ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಬೀಗದ ಕೈಯಿಂದ ಗೂಢಲಿಪಿಗೆ ಇಳಿಸಿದ್ದರು. ಅದರ ಪಕ್ಕದಲ್ಲೇ, ಮರೆತರೆ ನೆನಪಾಗಲಿ ಎಂದು ಗ್ರಾಹಕರು ಕೊಟ್ಟ ಸುಳಿವುಗಳು ಎಲ್ಲರೂ ಓದುವ ಹಾಗೆ ಬಿದ್ದಿದ್ದವು. ಬೀಗದ ಕೈ ಸಿಗದಿದ್ದರೇನಂತೆ? ಒಂದೇ ಗೂಢಲಿಪಿ ಲಕ್ಷಾಂತರ ಜನರ ಮುಂದೆ ಕಂಡರೆ, ಒಬ್ಬ ‘ಒಂದರಿಂದ ಆರು’ ಎಂದೂ ಇನ್ನೊಬ್ಬ ‘ಅಂಕಿಗಳು’ ಎಂದೂ ಸುಳಿವು ಬರೆದಿದ್ದರೆ, ಉತ್ತರ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. 123456 ಇಟ್ಟುಕೊಂಡವರೇ ಸುಮಾರು 19 ಲಕ್ಷ! ಎಕ್ಸ್‌ಕೆಸಿಡಿ ವ್ಯಂಗ್ಯಚಿತ್ರಗಳ ರಾಂಡಲ್ ಮನ್ರೋ ಇದನ್ನು ಪದಬಂಧವಾಗಿಸಿ ನಗೆಯಾಡಿದ್ದರು.

ಫೇಸ್‌ಬುಕ್‌ನ ಕಥೆ ಬೇರೆ. ಅಲ್ಲಿ ಹ್ಯಾಶ್ ಮಾಡುವ ಏರ್ಪಾಡು ಸೊಗಸಾಗಿಯೇ ಇತ್ತು. ಆದರೆ ದೊಡ್ಡ ಕಂಪನಿಯಲ್ಲಿ ದತ್ತಾಂಶ ಹರಿಯುವ ದಾರಿ ಒಂದೇ ಅಲ್ಲವಲ್ಲ. ದೋಷ ಹುಡುಕಲೆಂದು ಯಂತ್ರಗಳು ತಮ್ಮಷ್ಟಕ್ಕೆ ಬರೆದುಕೊಳ್ಳುವ ದಿನಚರಿಗಳಲ್ಲಿ ಕೋಟ್ಯಂತರ ಪಾಸ್‌ವರ್ಡುಗಳು ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿ ಸಿಕ್ಕಿವೆ ಎಂದು 2019ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2024ರಲ್ಲಿ 9.1 ಕೋಟಿ ಯೂರೋ ದಂಡ ಹಾಕಿತು. ಮುಂಬಾಗಿಲಿಗೆ ಕಾವಲು ಸುಲಭ. ಕಂಪನಿಗಳ ಭದ್ರತಾ ವಿಭಾಗದವರ ನಿದ್ದೆಗೆಡಿಸುವುದು ಇಂಥ ಹಿತ್ತಲ ಚರಂಡಿಗಳು.

ಇನ್ನು ಒಂದು ಮೂಢನಂಬಿಕೆ. ಆಯುಧಪೂಜೆಯ ದಿನ ಸರ್ವರ್‌ಗೆ ಕುಂಕುಮ ಇಡುವುದನ್ನು ಹೇಳುತ್ತಿಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ. ಪೂಜೆಗೆಂದು ಮೇಜು ಒರೆಸಲು ಕೀಲಿಮಣೆ ಎತ್ತಿದಾಗ ಕೆಳಗೆ ಅಂಟಿಸಿದ ಹಳದಿ ಚೀಟಿ ಕಾಣುತ್ತದಲ್ಲ, ಅದರ ಮೂಲವನ್ನು ಹೇಳುತ್ತಿದ್ದೇನೆ. ನಾನು ನೋಡಿದ ಒಂದು ಚೀಟಿಯಲ್ಲಿ ಮಗಳ ಹೆಸರು, ಅದರ ಮುಂದೆ 1, ಅದನ್ನು ಹೊಡೆದು 2, ಹೊಡೆದು 3, ಹೀಗೆ ಒಂಬತ್ತರವರೆಗೆ ಹೋಗಿತ್ತು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕೆಂಬ ಕಟ್ಟಳೆಯ ಫಲ ಇದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ 2003ರಲ್ಲಿ ಇಂಥ ಸಲಹೆ ಬರೆದ ಬಿಲ್ ಬರ್ ಅವರೇ 2017ರಲ್ಲಿ ಪಶ್ಚಾತ್ತಾಪಪಟ್ಟರು. ಅದೇ ವರ್ಷ ನಿಸ್ಟ್ ಕೂಡ, ಸೋರಿಕೆಯ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಾಯಿಸಲು ಒತ್ತಾಯಿಸಬೇಡಿ ಎಂದಿತು. ನಮ್ಮ ಕಚೇರಿಗಳಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ!

ಸೋರಿದೆಯೇ ಎಂದು ತಿಳಿಯುವುದು ಹೇಗೆ? ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಸೋರಿದ ಪಾಸ್‌ವರ್ಡುಗಳ ಹ್ಯಾಶ್‌ಗಳನ್ನು ಕಲೆಹಾಕಿದ್ದಾರೆ. ಆದರೆ ನಿಮ್ಮದು ಅದರಲ್ಲಿದೆಯೇ ಎಂದು ಕೇಳಲು ನಿಮ್ಮ ಪಾಸ್‌ವರ್ಡನ್ನು ಅವರಿಗೆ ಹೇಳುವುದುಂಟೇ? ಇಲ್ಲಿನ ಜಾಣತನ ನೋಡಿ. ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದವನ್ನೇ ಸಣ್ಣಕ್ಷರಗಳಲ್ಲಿ ಪಾಸ್‌ವರ್ಡ್ ಮಾಡಿಕೊಂಡಿದ್ದೀರಿ ಎನ್ನೋಣ. ನಿಮ್ಮ ಫೋನೇ ಅದರ ಹ್ಯಾಶ್ ಮಾಡುತ್ತದೆ, ಒಟ್ಟು 40 ಅಕ್ಷರ. ಅದರಲ್ಲಿ ಮೊದಲ ಐದನ್ನು, ಅಂದರೆ 5, ಬಿ, ಎ, ಎ, 6 ಎಂಬಷ್ಟನ್ನೇ ಕಳಿಸುತ್ತದೆ. ಹಾಗೆ ಶುರುವಾಗುವ ನೂರಾರು ಹ್ಯಾಶ್‌ಗಳ ಉಳಿದ ಭಾಗವನ್ನು ಅತ್ತಲಿನ ಯಂತ್ರ ಒಟ್ಟಿಗೆ ಕಳಿಸಿಬಿಡುತ್ತದೆ. ಅದರಲ್ಲಿ ನಿಮ್ಮದಿದೆಯೇ ಎಂದು ಹುಡುಕುವುದು ಮತ್ತೆ ನಿಮ್ಮ ಫೋನೇ. ಉತ್ತರ ಕೊಟ್ಟ ಯಂತ್ರಕ್ಕೆ ನೀವು ಕೇಳಿದ್ದು ಯಾವುದನ್ನು, ಅದು ಸಿಕ್ಕಿತೋ ಇಲ್ಲವೋ, ಎರಡೂ ತಿಳಿಯುವುದಿಲ್ಲ.