ಕಂಡವನೊಬ್ಬ, ಕರೆದವನೊಬ್ಬ

2009ರ ಜೂನ್ 9ರ ಸಂಜೆ, ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿರುವ ಟಿವಿ ಸ್ಟುಡಿಯೋ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡಗಳು ಶಾಲೆ ಕಾಲೇಜುಗಳ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆದಿದೆ. ಆರಿಸಿಕೊಳ್ಳಬೇಕಾದವರ ಪೈಕಿ ಸ್ಟುಡಿಯೋಗೆ ಬಂದು ಕೂತವನು ಒಬ್ಬನೇ. ಮಿಲ್ವಿಲ್ ಎಂಬ ಊರಿನ 17 ವರ್ಷದ ಮೈಕ್ ಟ್ರೌಟ್. ಕಮಿಷನರ್ ಬಡ್ ಸೀಲಿಗ್ ಒಂದೊಂದೇ ಹೆಸರು ಓದುತ್ತಾ ಹೋದರು. ಮೊದಲನೆಯದು ಸ್ಟೀಫನ್ ಸ್ಟ್ರಾಸ್‌ಬರ್ಗ್, ವಾಷಿಂಗ್ಟನ್ ತಂಡಕ್ಕೆ. ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಟಿವಿ ಕ್ಯಾಮೆರಾ ಎದುರಿಗೆ ಹುಡುಗ ಕೂತೇ ಇದ್ದ. 24ನೆಯ ಸರದಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡದ್ದು. ಅವರು ಟೆಕ್ಸಸ್‌ನ ರ‍್ಯಾಂಡಲ್ ಗ್ರಿಚಕ್ ಎಂಬ ಇನ್ನೊಬ್ಬ ಶಾಲಾ ಹುಡುಗನನ್ನು ಕರೆದರು. 25ನೆಯದೂ ಅವರದೇ. ಆಗ ಬಂತು ಟ್ರೌಟ್ ಹೆಸರು.

ಮೂರು ವರ್ಷ ಕಳೆಯುವಷ್ಟರಲ್ಲಿ ಆತ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರ, ಅದೂ ಸರ್ವಾನುಮತದಿಂದ. ಮುಂದೆ 2014, 2016, 2019ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ. 2019ರಲ್ಲಿ ಏಂಜಲ್ಸ್ ಜತೆ ಮಾಡಿಕೊಂಡ 12 ವರ್ಷಗಳ ಒಪ್ಪಂದದ ಮೊತ್ತ 42.65 ಕೋಟಿ ಡಾಲರ್. ಇಂಥವನನ್ನು ಅಷ್ಟೊಂದು ತಂಡಗಳು ಹೇಗೆ ಬಿಟ್ಟವು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಇನ್ನೊಂದು ಪ್ರಶ್ನೆ ಹೆಚ್ಚು ಕುತೂಹಲದ್ದು: ಹಿಡಿದ ಆ ಒಂದು ತಂಡಕ್ಕೆ ಅದು ಹೇಗೆ ಸಾಧ್ಯವಾಯಿತು?

ಮೊದಲು ಈ ಡ್ರಾಫ್ಟ್ ವ್ಯವಹಾರ ಏನೆಂದು ನೋಡೋಣ. ಐಪಿಎಲ್ ಹರಾಜು ಗೊತ್ತಿರುವ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಕೂಗಿ ಬೆಲೆ ಏರಿಸುವ ಹಾಗಿಲ್ಲ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚೆನ್ನಾಗಿ ಆಡಿದವರಿಗೆ ಕೊನೆಗೆ. ಬೇಕೆಂದೇ ಸೋಲುವವರನ್ನು ತಡೆಯಲು 2023ರಿಂದ ಮೊದಲ ಆರು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಯಾವ ತಂಡ ಕರೆಯಿತೋ ಆ ತಂಡದ ಜತೆಗೇ ಹುಡುಗ ಮಾತಾಡಬೇಕು. ಒಪ್ಪದಿದ್ದರೆ ಕಾಲೇಜಿಗೆ ಹೋಗಿ, ಮತ್ತೊಂದು ವರ್ಷದ ಡ್ರಾಫ್ಟ್ ಕಾಯಬೇಕು. ದುರ್ಬಲ ತಂಡಗಳನ್ನು ಮೇಲೆತ್ತುವ ವ್ಯವಸ್ಥೆ ಇದು ಎಂದು ಹೇಳುತ್ತಾರೆ. ಮಾಲೀಕರ ಜೇಬು ಕಾಯುವುದಕ್ಕೂ ಹುಟ್ಟಿಕೊಂಡದ್ದು ಎಂಬುದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ. 1964ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಕ್ ರೈಕಾರ್ಟ್‌ಗೆ ಇದೇ ಏಂಜಲ್ಸ್ ತಂಡ 2,05,000 ಡಾಲರ್ ಬೋನಸ್ ಕೊಟ್ಟಿತು. ಮಾಲೀಕರು ಬೆಚ್ಚಿದರು. ಮರುವರ್ಷವೇ ಡ್ರಾಫ್ಟ್ ಶುರು. 1965ರಲ್ಲಿ ಮೊದಲ ಹೆಸರಾಗಿ ಕರೆಸಿಕೊಂಡವನು ಅರಿಜೋನಾ ಸ್ಟೇಟ್‌ನ ರಿಕ್ ಮಂಡೇ. ಅದೇ ಡ್ರಾಫ್ಟಿನ 12ನೆಯ ಸುತ್ತಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಸಿಕ್ಕ ಟೆಕ್ಸಸ್‌ನ ಸಣಕಲು ಹುಡುಗನ ಹೆಸರು ನೋಲನ್ ರಯಾನ್. ಬೇಸ್‌ಬಾಲ್ ಇತಿಹಾಸದಲ್ಲಿ ಅವನಷ್ಟು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ ಪಿಚರ್ ಇನ್ನೊಬ್ಬನಿಲ್ಲ.

ಬೆಂಗಳೂರಿನವರಿಗೂ ಡ್ರಾಫ್ಟಿನ ರುಚಿ ಒಮ್ಮೆ ಸಿಕ್ಕಿದೆ. ಐಪಿಎಲ್ ಶುರುವಾದ 2008ರಲ್ಲಿ 19 ವರ್ಷದೊಳಗಿನವರನ್ನು ಹರಾಜಿಗೆ ಹಾಕದೆ ಡ್ರಾಫ್ಟ್ ಮೂಲಕವೇ ಹಂಚಿದರು. ಡೆಲ್ಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿಕೊಂಡಿತು. ಕೊಹ್ಲಿ ಆರ್‌ಸಿಬಿಗೆ ಬಂದ. ಡೆಲ್ಲಿಯವರಿಗೆ ಕೊಹ್ಲಿ ಕಾಣಿಸಿರಲಿಲ್ಲ ಎನ್ನಲಾಗದು. ವಿಶ್ವಕಪ್ ಗೆದ್ದುಕೊಂಡು ಬಂದ ಕಿರಿಯರ ತಂಡದ ನಾಯಕ ಆತ. ಅವರಿಗೆ ಅವತ್ತು ಬೇಕಾಗಿದ್ದದ್ದು ಬೌಲರ್, ಅಷ್ಟೆ.

ಈಗ ಮೈದಾನಕ್ಕೆ ಬರೋಣ. ಬೇಸ್‌ಬಾಲ್ ತಂಡಗಳು ದೇಶವನ್ನು ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಒಬ್ಬ ಏರಿಯಾ ಸ್ಕೌಟ್‌ನನ್ನು ಇಟ್ಟಿರುತ್ತವೆ. ಅವನ ಆಫೀಸು ಎಂದರೆ ಕಾರು. ಹೋಮ್ ಪ್ಲೇಟಿನ ಹಿಂದಿನ ತಂತಿಬಲೆಯ ಬಳಿ ಮಡಿಸುವ ಕುರ್ಚಿ ಹಾಕಿ ಕೂತ ನಾಲ್ಕೈದು ಮಂದಿ ಕಂಡರೆ, ಆ ಮೈದಾನದಲ್ಲಿ ಯಾರೋ ಒಬ್ಬ ಹುಡುಗನ ಬಗ್ಗೆ ಸುದ್ದಿ ಹಬ್ಬಿದೆ ಎಂದೇ ಅರ್ಥ. ಒಂದು ಕೈಯಲ್ಲಿ ಸ್ಟಾಪ್‌ವಾಚ್, ಮಡಿಲಲ್ಲಿ ವೇಗ ಅಳೆಯುವ ರೇಡಾರ್ ಗನ್. ಹುಡುಗ ಚೆಂಡು ಹೊಡೆದ ಸದ್ದಿಗೆ ಬೆರಳು ಗುಂಡಿ ಒತ್ತುತ್ತದೆ. 90 ಅಡಿ ಓಡಿ ಅವನ ಕಾಲು ಮೊದಲ ಬೇಸ್ ಮುಟ್ಟಿದಾಗ ಮತ್ತೊಮ್ಮೆ. ಬಲಗೈ ಬ್ಯಾಟರ್ ಆದರೆ 4.3 ಸೆಕೆಂಡ್ ಆಸುಪಾಸು ಬಂದರೆ ಸಾಧಾರಣ. 4.1ರ ಕೆಳಗೆ ಇಳಿದರೆ ಸ್ಕೌಟ್ ಪಕ್ಕದವನಿಗೆ ಕಾಣದ ಹಾಗೆ ಅಂಗೈ ಮುಚ್ಚಿ ಬರೆದುಕೊಳ್ಳುತ್ತಾನೆ. ಕ್ಯಾಚರ್ ಆದರೆ ಚೆಂಡು ಅವನ ಗ್ಲೌಸಿಗೆ ಬಿದ್ದಲ್ಲಿಂದ ಎರಡನೆಯ ಬೇಸ್ ತಲುಪುವವರೆಗಿನ ಸಮಯ. ಎರಡು ಸೆಕೆಂಡ್ ಆದರೆ ಪಾಸು.

ಅಂಕಗಳು 20ರಿಂದ 80ರವರೆಗೆ. ಮೇಜರ್ ಲೀಗಿನ ಸರಾಸರಿ ಆಟಗಾರನಿಗೆ 50. ಚೆಂಡಿಗೆ ಬ್ಯಾಟು ತಾಗಿಸುವುದು, ದೂರ ಹೊಡೆಯುವುದು, ಓಟ, ಹಿಡಿತ, ಎಸೆತ ಎಂಬ ಐದು ಬಾಬತ್ತಿಗೆ ಎರಡೆರಡು ಅಂಕ: ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು. ಕಷ್ಟವಿರುವುದು ಈ ಎರಡನೆಯದರಲ್ಲಿ. ಹಲಸಿನಕಾಯಿಯನ್ನು ಬಡಿದು ನೋಡಿ ನಾಳೆಯೋ ನಾಡಿದ್ದೋ ಹಣ್ಣಾಗುತ್ತದೆ ಎಂದು ಹೇಳಬಲ್ಲವರು ಬಹಳ. ಇಲ್ಲಿ ಕೇಳುತ್ತಿರುವುದು ಆರು ವರ್ಷ ಮುಂದಿನ ಮಾತು. 18ರ ಹುಡುಗನ ಭುಜ ಎಷ್ಟು ಅಗಲವಾಗುತ್ತದೆ, ಸೊಂಟ ದಪ್ಪವಾಗಿ ಓಟ ಕುಂದುತ್ತದೆಯೇ, ತಿಂಗಳುಗಟ್ಟಲೆ ಬಸ್ಸಿನಲ್ಲಿ ಓಡಾಡುವ ಕಿರಿಯ ಲೀಗಿನ ಬದುಕನ್ನು ಮನಸ್ಸು ತಾಳುತ್ತದೆಯೇ. ಸಾಲದ್ದಕ್ಕೆ ಶಾಲೆಗಳಲ್ಲಿ ಆಡುವುದು ಲೋಹದ ಬ್ಯಾಟಿನಲ್ಲಿ. ಮರದ ಬ್ಯಾಟನ್ನು ಮುರಿಯುವಂಥ ಎಸೆತಕ್ಕೂ ಅಲ್ಲಿ ರನ್ ಸಿಕ್ಕಿಬಿಡುತ್ತದೆ. ಆದ್ದರಿಂದ ಒಳ್ಳೆಯ ಸ್ಕೌಟ್ ಸ್ಕೋರ್‌ಬೋರ್ಡ್ ನೋಡುವುದು ಕಡಿಮೆ. ಪಂದ್ಯಕ್ಕೆ ಮುಂಚಿನ ಅಭ್ಯಾಸ, ಔಟಾದ ಮೇಲೆ ಹುಡುಗ ಬೆಂಚಿಗೆ ನಡೆದುಹೋಗುವ ರೀತಿ, ಅಪ್ಪ ಎಲ್ಲಿ ನಿಂತು ಕೂಗುತ್ತಾನೆ ಎಂಬುದೆಲ್ಲ ಅವನ ಟಿಪ್ಪಣಿಯೊಳಗೆ ಬರುತ್ತದೆ.

ಟ್ರೌಟ್ ವಿಷಯದಲ್ಲಿ ಏಂಜಲ್ಸ್ ತಂಡದ ಅದೃಷ್ಟ ಎಂದರೆ ಈಶಾನ್ಯ ಭಾಗದ ಸ್ಕೌಟ್ ಗ್ರೆಗ್ ಮೋರ್ಹಾರ್ಟ್. ಹುಡುಗನ ಅಪ್ಪ ಜೆಫ್ ಟ್ರೌಟ್ 1980ರ ದಶಕದಲ್ಲಿ ಮಿನೆಸೋಟಾ ಟ್ವಿನ್ಸ್‌ನ ಕಿರಿಯ ತಂಡಗಳಲ್ಲಿ ಆಡುತ್ತಿದ್ದಾಗ ಮೋರ್ಹಾರ್ಟ್ ಅವನ ಜತೆಗಾರ. ಅಪ್ಪನ ಮೈಕಟ್ಟು, ಅಪ್ಪನ ಹಟ ಎರಡೂ ಗೊತ್ತು. ಉಳಿದ ತಂಡಗಳ ಅನುಮಾನಕ್ಕೂ ಕಾರಣವಿತ್ತು. ದಕ್ಷಿಣ ನ್ಯೂಜೆರ್ಸಿಯಲ್ಲಿ ಮಾರ್ಚ್ ಏಪ್ರಿಲ್ ಎಂದರೆ ಚಳಿ, ಮಳೆ, ರದ್ದಾಗುವ ಪಂದ್ಯಗಳು. ಕ್ಯಾಲಿಫೋರ್ನಿಯಾ, ಫ್ಲೋರಿಡಾದ ಹುಡುಗರು ವರ್ಷವಿಡೀ ಒಳ್ಳೊಳ್ಳೆಯ ಪಿಚರ್‌ಗಳೆದುರು ಆಡಿ ಪಳಗಿದವರು. ಮಿಲ್ವಿಲ್‌ನಂಥ ಊರಿನಲ್ಲಿ ಹೋಮ್‌ರನ್ ಮೇಲೆ ಹೋಮ್‌ರನ್ ಹೊಡೆದರೂ, ಎದುರಿಗಿದ್ದ ಪಿಚರ್ ಯಾರಪ್ಪ ಎಂದೇ ಕೇಳುತ್ತಾರೆ. ಚಳಿ ಪ್ರದೇಶದ ಹುಡುಗ ಎಂಬ ಮಾತು ಸ್ಕೌಟ್‌ಗಳ ನಡುವೆ ಅರ್ಧ ಬೈಗುಳವಿದ್ದಂತೆ.

ಮೋರ್ಹಾರ್ಟ್ ಬರೆದದ್ದನ್ನು ಸ್ಕೌಟಿಂಗ್ ಮುಖ್ಯಸ್ಥ ಎಡ್ಡಿ ಬೇನ್ ನಂಬಿದರು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದೇ. ಕಾಣುವುದು ಅಪರೂಪದ ವಿದ್ಯೆ ನಿಜ, ಆದರೆ ಕಂಡವನ ಮಾತು ಆಯ್ಕೆ ತೀರ್ಮಾನಿಸುವ ಕೋಣೆಯೊಳಗೆ ಗೆಲ್ಲುವುದು ಅದಕ್ಕಿಂತ ಅಪರೂಪ. ಏರಿಯಾ ಸ್ಕೌಟ್ ಹೇಳಿದ್ದನ್ನು ಕ್ರಾಸ್‌ಚೆಕರ್ ಬಂದು ನೋಡುತ್ತಾನೆ, ಮೇಲೆ ಮುಖ್ಯಸ್ಥ, ಅವನ ಮೇಲೆ ಜನರಲ್ ಮ್ಯಾನೇಜರ್, ಕೊನೆಗೆ ಚೆಕ್ಕಿಗೆ ಸಹಿ ಹಾಕುವ ಮಾಲೀಕ. ಪ್ರತಿ ಮೆಟ್ಟಿಲಲ್ಲೂ ಹುಡುಗನ ಅಂಕ ಸ್ವಲ್ಪ ಸ್ವಲ್ಪ ಸೋರಿಹೋಗುವ ಸಂಭವವಿದೆ.

1992ರಲ್ಲಿ ಹಾಗೆಯೇ ಆಯಿತು. ಹ್ಯೂಸ್ಟನ್ ಆಸ್ಟ್ರೋಸ್‌ಗೆ ಮೊದಲ ಸರದಿ. ಅವರ ಮಿಷಿಗನ್ ಸ್ಕೌಟ್ ಹ್ಯಾಲ್ ನ್ಯೂಹೌಸರ್ ಅಂದರೆ 1944, 1945 ಎರಡೂ ವರ್ಷ ಲೀಗಿನ ಅತ್ಯಮೂಲ್ಯ ಆಟಗಾರನಾಗಿದ್ದ ಹಳೆಯ ಪಿಚರ್, ಸಾಮಾನ್ಯನಲ್ಲ. ಕಲಮಜೂ ಊರಿನ ಡೆರೆಕ್ ಜೀಟರ್ ಎಂಬ ಶಾರ್ಟ್‌ಸ್ಟಾಪ್‌ನನ್ನೇ ತೆಗೆದುಕೊಳ್ಳಿ ಎಂದು ಆತ ಪಟ್ಟು ಹಿಡಿದ. ಹುಡುಗ ಹತ್ತು ಲಕ್ಷ ಡಾಲರ್ ಕೇಳಬಹುದೆಂಬ ಅಂಜಿಕೆಯಲ್ಲಿ ತಂಡ ಫಿಲ್ ನೆವಿನ್‌ನನ್ನು ಆರಿಸಿತು. ಆರನೆಯ ಸರದಿಯಲ್ಲಿದ್ದ ಯಾಂಕೀಸ್ 8 ಲಕ್ಷ ಡಾಲರಿಗೆ ಜೀಟರ್‌ನನ್ನು ಒಪ್ಪಿಸಿತು. ಆತ ಅವರಿಗೆ ಐದು ವಿಶ್ವ ಸರಣಿ ಗೆದ್ದುಕೊಟ್ಟ, 3,465 ಹಿಟ್ ಬಾರಿಸಿದ. ನ್ಯೂಹೌಸರ್ ಕೆಲಸವನ್ನೇ ಬಿಟ್ಟರು. 1999ರಲ್ಲಿ ಟ್ಯಾಂಪಾ ಬೇ ತಂಡದ ಸ್ಕೌಟ್ ಫರ್ನಾಂಡೋ ಅರಾಂಗೋ ಕೂಡ ಹಾಗೇ ರಾಜೀನಾಮೆ ಕೊಟ್ಟವರು. ಕಾನ್ಸಾಸ್ ಸಿಟಿಯ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಅವರು ಕಂಡಿದ್ದ ಡೊಮಿನಿಕನ್ ಹುಡುಗನ ಮೈ ಭಾರವಾಯಿತು, ಯಾವ ಜಾಗದಲ್ಲಿ ಆಡಿಸುವುದೋ ತಿಳಿಯದು ಎಂದು ಎಲ್ಲರೂ ಹಿಂಜರಿದರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ 13ನೆಯ ಸುತ್ತಿನಲ್ಲಿ, 402ನೆಯವನಾಗಿ ಕರೆಯಿತು. ಆಲ್ಬರ್ಟ್ ಪೂಹೋಲ್ಸ್ ನಿವೃತ್ತನಾದಾಗ ಅವನ ಹೋಮ್‌ರನ್‌ಗಳ ಲೆಕ್ಕ 703.

ಗೆದ್ದ ಮಾತುಗಳೆಲ್ಲ ಸರಿಯಾದವೆಂದೂ ಹೇಳುವಂತಿಲ್ಲ. 1966ರಲ್ಲಿ ಮೆಟ್ಸ್ ತಂಡ ರೆಗ್ಗಿ ಜಾಕ್ಸನ್‌ನನ್ನು ಬಿಟ್ಟು ಸ್ಟೀವ್ ಚಿಲ್ಕಾಟ್ ಎಂಬ ಕ್ಯಾಚರ್‌ನನ್ನು ಮೊದಲಿಗನಾಗಿ ಕರೆಯಿತು. ಭುಜದ ಗಾಯದಿಂದ ಅವನು ಮೇಜರ್ ಲೀಗಿನ ಮೆಟ್ಟಿಲು ಹತ್ತಲಿಲ್ಲ. 1991ರ ಮೊದಲಿಗ ಬ್ರೈಯನ್ ಟೇಲರ್‌ನದೂ ಅದೇ ಪಾಡು, ಒಂದು ಹೊಡೆದಾಟದಲ್ಲಿ ಭುಜ ಹಾಳಾಯಿತು. ಟ್ರೌಟ್ ಇದ್ದ ಡ್ರಾಫ್ಟಿನಲ್ಲೇ ಅವನಿಗಿಂತ ಬಹಳ ಮುಂಚೆ, ಮೂರನೆಯ ಹೆಸರಾಗಿ ಹೋದ ಡಾನವನ್ ಟೇಟ್ 62.5 ಲಕ್ಷ ಡಾಲರ್ ಪಡೆದೂ ಮೇಲೆ ಬರಲಿಲ್ಲ. ಟ್ರೌಟ್‌ಗೆ ಸಿಕ್ಕ ಬೋನಸ್ 12.15 ಲಕ್ಷ ಡಾಲರ್. ಇನ್ನು ‘ಮನಿಬಾಲ್’ ಸಿನಿಮಾ ನೋಡಿದವರಿಗೆ ಬಿಲ್ಲಿ ಬೀನ್ ನೆನಪಿರಬಹುದು. 1980ರಲ್ಲಿ ಮೆಟ್ಸ್‌ನ ಮೊದಲ ಸುತ್ತಿನ ಆಯ್ಕೆ ಆತ. ಕಟ್ಟುಮಸ್ತಾದ ಮೈ ನೋಡಿ ಮರುಳಾದ ಸ್ಕೌಟ್‌ಗಳ ಮೇಲೆ ಅವನಿಗೆ ಮುಂದೆ ಬಂದ ಸಿಟ್ಟು ಸುಮ್ಮನೆ ಬಂದದ್ದಲ್ಲ, ಆ ಮೈ ತನ್ನದೇ ಆಗಿತ್ತು.

ಏಂಜಲ್ಸ್ ತಂಡದ 25ನೆಯ ಸರದಿಗೂ ಒಂದು ಕಥೆ ಇದೆ. ಆ ಸರದಿ ಮೊದಲಿಗೆ ಅವರದ್ದಲ್ಲ, ಯಾಂಕೀಸ್‌ನದು. ಏಂಜಲ್ಸ್‌ನಲ್ಲಿದ್ದ ಮಾರ್ಕ್ ಟೆಶೇರಾನನ್ನು ಯಾಂಕೀಸ್ ಸೆಳೆದುಕೊಂಡದ್ದಕ್ಕೆ, ಅಂದಿನ ನಿಯಮದಂತೆ ಪರಿಹಾರವಾಗಿ ಬಿಟ್ಟುಕೊಟ್ಟದ್ದು. ಆ ವರ್ಷದ ವಿಶ್ವ ಸರಣಿಯನ್ನು ಟೆಶೇರಾ ಇದ್ದ ಯಾಂಕೀಸ್ ಗೆದ್ದಿತು, ಆದ್ದರಿಂದ ಅವರು ಕೊರಗಬೇಕಾಗಿಲ್ಲ. ಬೇನ್ ಗುಂಪು ಆ ಡ್ರಾಫ್ಟಿನಲ್ಲಿ ಗ್ರಿಚಕ್, ಟ್ರೌಟ್ ಆದ ಮೇಲೆ 40ನೆಯವನಾಗಿ ಟೈಲರ್ ಸ್ಕ್ಯಾಗ್ಸ್, 42ನೆಯವನಾಗಿ ಗ್ಯಾರೆಟ್ ರಿಚರ್ಡ್ಸ್, ಎರಡನೆಯ ಸುತ್ತಿನಲ್ಲಿ ಪ್ಯಾಟ್ರಿಕ್ ಕಾರ್ಬಿನ್ ಎಂಬ ಪಿಚರ್‌ಗಳನ್ನು ಬಾಚಿಕೊಂಡಿತು. ಐವರೂ ಮೇಜರ್ ಲೀಗ್ ಮುಟ್ಟಿದರು. ಒಂದು ತಂಡ ಒಂದೇ ವರ್ಷದಲ್ಲಿ ಇಷ್ಟು ಫಸಲು ತೆಗೆಯುವುದು ಅಪರೂಪ. ಕಾರ್ಬಿನ್‌ನನ್ನೂ ಸ್ಕ್ಯಾಗ್ಸ್‌ನನ್ನೂ 2010ರಲ್ಲಿ ಅರಿಜೋನಾಕ್ಕೆ ಕೊಟ್ಟು ಬೇರೊಬ್ಬ ಪಿಚರ್‌ನನ್ನು ತಂದರು. ಕಾರ್ಬಿನ್ 2019ರ ವಿಶ್ವ ಸರಣಿಯ ಏಳನೆಯ ಪಂದ್ಯವನ್ನು ವಾಷಿಂಗ್ಟನ್‌ಗೆ ಗೆದ್ದುಕೊಟ್ಟ. ಏಂಜಲ್ಸ್‌ಗೆ ಮರಳಿದ್ದ ಸ್ಕ್ಯಾಗ್ಸ್ ಅದೇ ವರ್ಷದ ಜುಲೈನಲ್ಲಿ ಟೆಕ್ಸಸ್‌ನ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ, 27 ವರ್ಷಕ್ಕೆ. ಎಡ್ಡಿ ಬೇನ್‌ರನ್ನು ತಂಡ 2010ರಲ್ಲೇ ಕೆಲಸದಿಂದ ತೆಗೆದಿತ್ತು. ಟ್ರೌಟ್ ಮೊದಲ ಪಂದ್ಯ ಆಡಿದ್ದು 2011ರ ಜುಲೈನಲ್ಲಿ. ಬೆಳೆ ಕೊಯ್ಲಿಗೆ ಬರುವ ಮುಂಚೆ ಬಿತ್ತಿದವನನ್ನು ಮನೆಗೆ ಕಳಿಸುವುದರಲ್ಲಿ ಬೇಸ್‌ಬಾಲ್ ಕಚೇರಿಗಳು ಎತ್ತಿದ ಕೈ.

ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರುಗಳೂ ಕಾಣಿಸುತ್ತಿವೆ. ಕುಮಾರ್ ರಾಕರ್‌ನ ತಾಯಿ ಭಾರತೀಯ ಮೂಲದವರು, ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ. ಕಾಲೇಜಿನ ಮೊದಲ ವರ್ಷದಲ್ಲೇ, 2019ರಲ್ಲಿ, ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದವನು. 2021ರಲ್ಲಿ ಮೆಟ್ಸ್ ಅವನನ್ನು 10ನೆಯವನಾಗಿ ಕರೆಯಿತು, ವೈದ್ಯಕೀಯ ವರದಿ ನೋಡಿ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಸ್ಕೌಟ್ ಮಾತು ಕೋಣೆಯಲ್ಲಿ ಗೆದ್ದು ಡಾಕ್ಟರ ಮೇಜಿನ ಮೇಲೆ ಸೋತಿತ್ತು. ಮರುವರ್ಷ ಟೆಕ್ಸಸ್ ರೇಂಜರ್ಸ್ ಅವನನ್ನೇ ಮೂರನೆಯವನಾಗಿ ತೆಗೆದುಕೊಂಡು ಎಲ್ಲರನ್ನೂ ಚಕಿತಗೊಳಿಸಿತು. ಮೊಣಕೈ ಶಸ್ತ್ರಚಿಕಿತ್ಸೆಯನ್ನೂ ದಾಟಿ 2024ರ ಸೆಪ್ಟೆಂಬರ್‌ನಲ್ಲಿ ಆತ ಮೇಜರ್ ಲೀಗಿಗೆ ಕಾಲಿಟ್ಟ. 2023ರಲ್ಲಿ 20ನೆಯ ಹೆಸರಾಗಿ ಟೊರಾಂಟೋ ಬ್ಲೂ ಜೇಸ್ ಕರೆದ ಅರ್ಜುನ್ ನಿಮ್ಮಲ ಫ್ಲೋರಿಡಾದಲ್ಲಿ ಬೆಳೆದ ತೆಲುಗು ಮನೆಯ ಹುಡುಗ, ಕ್ರಿಕೆಟ್ ಆಡಿಕೊಂಡೇ ದೊಡ್ಡವನಾದವನು. ಆಗ ಅವನಿಗೆ 17.

ಈಚೆಗೆ ಮೈದಾನದ ಕುರ್ಚಿಗಳು ಕಡಿಮೆಯಾಗುತ್ತಿವೆ. ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಬ್ಯಾಟಿನಿಂದ ಯಾವ ವೇಗದಲ್ಲಿ ಹೊರಟಿತು ಎಂಬುದನ್ನು ಕ್ಯಾಮೆರಾ, ರೇಡಾರ್‌ಗಳೇ ಬರೆದಿಡುತ್ತವೆ. ಕೆಲವು ತಂಡಗಳು ಸ್ಕೌಟ್‌ಗಳನ್ನು ಕಡಿತ ಮಾಡಿ ಆ ದುಡ್ಡಿನಲ್ಲಿ ವಿಶ್ಲೇಷಕರನ್ನು ಇಟ್ಟುಕೊಂಡಿವೆ. ಯಂತ್ರಗಳನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಚಳಿ ಊರಿನ ಹುಡುಗನಿಗೆ ಅಂಕಿಯೊಂದು ಸಾಕ್ಷಿಯಾಗಿ ನಿಂತರೆ ಅವನಿಗೇ ಲಾಭ. ಆದರೆ ಡ್ರಾಫ್ಟೂ ಕುಗ್ಗಿದೆ. 1988ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್‌ನ ಮ್ಯಾನೇಜರ್ ಟಾಮಿ ಲಸೋರ್ಡಾ, ತನ್ನ ಗೆಳೆಯನ ಮಗ ಎಂಬ ದಾಕ್ಷಿಣ್ಯಕ್ಕೆ 62ನೆಯ ಸುತ್ತಿನಲ್ಲಿ, 1,390ನೆಯವನಾಗಿ ಹೆಸರು ಹಾಕಿಸಿದ ಮೈಕ್ ಪಿಯಾಜಾ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಅವನ ಜತೆಗೇ ಸೇರಿದವನು 1987ರ ಡ್ರಾಫ್ಟಿನ ಮೊದಲ ಹೆಸರು, ಕೆನ್ ಗ್ರಿಫಿ ಜೂನಿಯರ್. ಈಗ ಇರುವುದು 20 ಸುತ್ತು ಮಾತ್ರ. ಪಿಯಾಜಾನಂಥವನ ಹೆಸರು ಇಂದು ಪಟ್ಟಿಗೇ ಬರುವುದಿಲ್ಲ.

ಹಾಗೆ ಉಳಿದವರಿಗಾಗಿ ಡ್ರಾಫ್ಟ್ ಮುಗಿದ ಮೇಲೆ ಫೋನುಗಳು ಶುರುವಾಗುತ್ತವೆ. ಕರೆಸಿಕೊಳ್ಳದ ಹುಡುಗ ತನಗೆ ಬೇಕಾದ ತಂಡ ಸೇರಬಹುದು; 1,50,000 ಡಾಲರ್‌ವರೆಗೆ ಕೊಟ್ಟರೆ ತಂಡದ ಬೋನಸ್ ಮಿತಿಗೂ ಅದು ಲೆಕ್ಕಕ್ಕಿಲ್ಲ. ಸೋತರೂ ದೊಡ್ಡ ನಷ್ಟವಿಲ್ಲದ ಮೊತ್ತವಾದ್ದರಿಂದ ಮೇಲಿನವರು ಇಲ್ಲಿ ಹೆಚ್ಚು ತಕರಾರು ಮಾಡುವುದಿಲ್ಲ. ಕೋಣೆಯಲ್ಲಿ ತನ್ನ ಹುಡುಗನಿಗಾಗಿ ವಾದಿಸಿ ಸೋತ ಏರಿಯಾ ಸ್ಕೌಟ್, ಆ ಹುಡುಗನ ಮನೆಗೆ ಮೊದಲು ಫೋನ್ ಮಾಡುವವನು ತಾನಾಗಬೇಕೆಂದು ನಂಬರ್ ಒತ್ತುತ್ತಾನೆ.