ನಿಂತುಹೋದ ಚೇತಕ್ ಇಂಜಿನ್ ಮತ್ತೆ ಓಡಿದ್ದು ಹೇಗೆ?



ನಮ್ಮ ತಾತನ ಚೇತಕ್ ಸ್ಕೂಟರ್ ನಿಮಗೆಲ್ಲ ಗೊತ್ತು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಇಟ್ಟುಕೊಂಡು ನಮ್ಮ ಶಾಲೆ ಮುಂದೆ ಹೋಗುತ್ತಲ್ಲ, ಅದೇ ನೀಲಿ ಗಾಡಿ. ಅದು 1986ನೇ ಇಸವಿಯದು. ನಮ್ಮ ಅಪ್ಪನಿಗಿಂತ ಸ್ವಲ್ಪ ಚಿಕ್ಕದು ಅಷ್ಟೆ. ಕಳೆದ ಬೇಸಿಗೆ ರಜೆಯಲ್ಲಿ ಅದರ ಇಂಜಿನ್ ಜಾಮ್ ಆಯಿತು. ಅದನ್ನು ರಿಪೇರಿ ಮಾಡುವಾಗ ನಾನು ಎಂಟು ದಿನ ಗ್ಯಾರೇಜಿನಲ್ಲೇ ಇದ್ದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ಇಟಲಿ ದೇಶದ ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಅನ್ನುವ ಸ್ಕೂಟರ್ ಮಾಡಿತು. ವೆಸ್ಪಾ ಅಂದರೆ ಅವರ ಭಾಷೆಯಲ್ಲಿ ಕಣಜದ ಹುಳು. ಅದನ್ನು ರೂಪಿಸಿದವರು ವಿಮಾನದ ಇಂಜಿನಿಯರ್ ಆಗಿದ್ದ ಕೊರಾದಿನೋ ದಾಸ್ಕಾನಿಯೋ. ಅದೇ ಜಾತಿಯ ಗಾಡಿಯನ್ನು ಪುಣೆಯ ಬಜಾಜ್ ಕಂಪನಿ 1972ರಿಂದ ಚೇತಕ್ ಅಂತ ಹೆಸರಿಟ್ಟು ಮಾರಿತು. ಚೇತಕ್ ಅನ್ನುವುದು ರಾಣಾ ಪ್ರತಾಪನ ಕುದುರೆ ಹೆಸರು. ಆಗೆಲ್ಲ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತಂತೆ. 2010ರ ಹೊತ್ತಿಗೆ ಕಂಪನಿಯವರು ಪೆಟ್ರೋಲ್ ಸ್ಕೂಟರ್ ಮಾಡೋದನ್ನೇ ನಿಲ್ಲಿಸಿಬಿಟ್ಟರು. 2020ರಲ್ಲಿ ಅದೇ ಹೆಸರಿನಲ್ಲಿ ಕರೆಂಟ್ ಸ್ಕೂಟರ್ ಬಂತು. ಅದಕ್ಕೆ ಕಿಕ್ಕರ್ ಇಲ್ಲ, ಹೊಗೆಯೂ ಇಲ್ಲ.

ಈಗ ಇಂಜಿನ್ ಕೆಲಸ ಹೇಗೆ ಅಂತ ನೋಡೋಣ. ನಿಮ್ಮ ಅಜ್ಜಿ ರಾಗಿ ಬೀಸುವುದನ್ನು ನೋಡಿದ್ದೀರಾ? ಕೈ ಮುಂದೆ ಹಿಂದೆ ಹೋಗುತ್ತೆ, ಕಲ್ಲು ಗುಂಡಗೆ ತಿರುಗುತ್ತೆ. ಇಂಜಿನ್ನಿನಲ್ಲೂ ಹಾಗೇ. ಸಿಲಿಂಡರ್ ಅನ್ನುವ ಕೊಳವೆಯೊಳಗೆ ಪಿಸ್ಟನ್ ಹೋಗಿ ಬರುತ್ತೆ. ಅದಕ್ಕೆ ಕನೆಕ್ಟಿಂಗ್ ರಾಡ್ ಅನ್ನುವ ಒಂದು ತೋಳು ಇದೆ. ಆ ತೋಳು ಕ್ರ್ಯಾಂಕ್ ಅನ್ನುವ ಚಕ್ರವನ್ನು ತಿರುಗಿಸುತ್ತೆ. ಅಲ್ಲಿಂದ ಗೇರಿನ ಮೂಲಕ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತೆ. ಚೇತಕ್‌ಗೆ ಬೈಕಿನ ಹಾಗೆ ಚೈನ್ ಇಲ್ಲ, ಚಕ್ರ ನೇರವಾಗಿ ಇಂಜಿನ್ನಿಗೇ ಸೇರಿಕೊಂಡಿದೆ.

ಇದು ಟೂ ಸ್ಟ್ರೋಕ್ ಇಂಜಿನ್. ಪಿಸ್ಟನ್ ಮೇಲೆ ಹೋದಾಗ ಎರಡು ಕೆಲಸ ಒಟ್ಟಿಗೆ ಆಗುತ್ತೆ. ಮೇಲುಗಡೆ ಇರುವ ಪೆಟ್ರೋಲ್ ಗಾಳಿ ಒತ್ತಿಕೊಳ್ಳುತ್ತೆ, ಕೆಳಗಡೆ ಕ್ರ್ಯಾಂಕ್ ಇರುವ ಪೆಟ್ಟಿಗೆಗೆ ಹೊಸ ಪೆಟ್ರೋಲ್ ಗಾಳಿ ಎಳೆದುಕೊಳ್ಳುತ್ತೆ. ಆಗ ಪ್ಲಗ್ಗಿನಿಂದ ಕಿಡಿ ಹಾರುತ್ತೆ. ಬೆಂಕಿ ಹತ್ತಿ ಪಿಸ್ಟನ್ ಕೆಳಗೆ ಬರುತ್ತೆ. ಬರುವಾಗ ಸಿಲಿಂಡರಿನ ಪಕ್ಕದ ತೂತು ತೆರೆದು ಹೊಗೆ ಹೊರಗೆ ಹೋಗುತ್ತೆ, ಕೆಳಗಿದ್ದ ಹೊಸ ಪೆಟ್ರೋಲ್ ಗಾಳಿ ಮೇಲಕ್ಕೆ ನುಗ್ಗುತ್ತೆ. ಹೀಗೆ ಒಂದೊಂದು ಸುತ್ತಿಗೂ ಒಂದು ಕಿಡಿ.

ಗಮನಿಸಿ. ಫೋರ್ ಸ್ಟ್ರೋಕ್ ಇಂಜಿನ್ನಿನ ಕೆಳಗೆ ಆಯಿಲ್ ತುಂಬಿರುತ್ತೆ. ಇಲ್ಲಿ ಆ ಜಾಗದಲ್ಲೇ ಪೆಟ್ರೋಲ್ ಗಾಳಿ ಓಡಾಡುವುದರಿಂದ ಆಯಿಲ್ ತುಂಬೋಕೆ ಆಗಲ್ಲ. ಆದ್ದರಿಂದ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. 1 ಲೀಟರಿಗೆ 20 ಮಿಲಿ ಲೀಟರ್, ಅಂದರೆ ನೂರಕ್ಕೆ ಎರಡು ಪಾಲು. ಆ ಆಯಿಲೇ ಪಿಸ್ಟನ್ನನ್ನೂ ಬೇರಿಂಗನ್ನೂ ಕಾಪಾಡುವುದು. ಅದು ಉರಿದು ಬರುವುದೇ ಆ ನೀಲಿ ಹೊಗೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಟ್ಯಾಂಕು ಖಾಲಿ ಆಗ್ತಾ ಬಂದಿತ್ತು. ತಾತ ನನಗೆ ಎರಡು ಬಾಟಲಿ ಪೆಟ್ರೋಲ್ ಕೊಟ್ಟು, ‘ಆಯಿಲ್ ಅಳತೆ ಹಾಕಿ ಸುರಿ’ ಅಂದರು. ಆಟಕ್ಕೆ ಕರೆಯುತ್ತಿದ್ದರು. ನಾನು ಪೆಟ್ರೋಲ್ ಸುರಿದು ಓಡಿಹೋದೆ. ಆಯಿಲ್ ಹಾಕಲಿಲ್ಲ. ಮಾರನೇ ದಿನ ಕೆರೆ ಏರಿ ಹತ್ತುವಾಗ ಗಾಡಿ ಕಿರ್ ಅಂತ ಸದ್ದು ಮಾಡಿ ನಿಂತಿತು. ತಾತ ತಕ್ಷಣ ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಹಾಲಿನ ಕ್ಯಾನು ಸಮೇತ ಬಿಸಿಲಲ್ಲಿ ಮನೆವರೆಗೂ ತಳ್ಳಿಕೊಂಡು ಬಂದರು.

ಗ್ಯಾರೇಜಿನಲ್ಲಿ ಮೇಸ್ತ್ರಿ ಹೆಡ್ ಬಿಚ್ಚಿದರು. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರ್ ಎರಕದ ಕಬ್ಬಿಣದ್ದು. ಬಿಸಿಯಾದರೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ. ಎರಡರ ನಡುವೆ ಇರುವ ಸಂದು ಕೂದಲೆಳೆಯಷ್ಟು. ಆಯಿಲ್ ಇಲ್ಲದೆ ಬಿಸಿ ಏರಿ, ಪಿಸ್ಟನ್ ಹಿಗ್ಗಿ ಕಚ್ಚಿಕೊಂಡಿತ್ತು. ಮೈಯೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಮೇಸ್ತ್ರಿ ‘ಇದಕ್ಕೆ ಆಯಿಲ್ ಬಿದ್ದಿಲ್ಲ’ ಅಂದರು. ಅಪ್ಪ ತಾತನ ಮುಖ ನೋಡಿದರು. ತಾತ, ‘ನಾನೇ ಮರೆತೆನೇನೋ’ ಅಂದರು. ‘ನಿನಗೆ ಮರೆವು ಜಾಸ್ತಿ ಆಗಿದೆ, ಇನ್ನು ಗಾಡಿ ಬೇಡ, ಗುಜರಿಗೆ ಕೊಡೋಣ’ ಅಂತ ಅಪ್ಪ ಅಂದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಮೇಸ್ತ್ರಿ ಹತ್ತಿರ ಹೇಳಿದೆ. ಅವರು, ‘ನನಗೆ ಹೇಳಿ ಏನು ಪ್ರಯೋಜನ? ಯಾರಿಗೆ ಹೇಳಬೇಕೋ ಅವರಿಗೆ ಹೇಳು’ ಅಂದರು. ಆ ರಾತ್ರಿ ಅಪ್ಪನ ಎದುರಿಗೇ ತಾತನಿಗೆ ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ನಾನು ಮರೆತಿಲ್ಲ ತಾನೆ?’ ಅಂತ ಕೇಳಿದರು. ಬೇರೇನೂ ಕೇಳಲಿಲ್ಲ. ಅಪ್ಪ ಬೆಳಿಗ್ಗೆ ಗುಜರಿಯವರಿಗೆ ಬೇಡ ಅಂತ ಹೇಳಿ ಕಳಿಸಿದರು.

ಆಮೇಲೆ ರಿಪೇರಿ ಶುರುವಾಯಿತು. ಗೀರು ಬಿದ್ದ ಸಿಲಿಂಡರನ್ನು ಎಸೆಯಬೇಕಾಗಿಲ್ಲ. ಅದರ ಒಳಗೋಡೆಯನ್ನು ಮಿಷನ್ನಿನಲ್ಲಿ ಕೊರೆದು ನುಣುಪು ಮಾಡಿ, ಸ್ವಲ್ಪ ದಪ್ಪ ಪಿಸ್ಟನ್ ಹಾಕುತ್ತಾರೆ. ಇದಕ್ಕೆ ರೀಬೋರ್ ಅನ್ನುತ್ತಾರೆ. ನಮ್ಮದರ ಅಗಲ 57 ಮಿಲಿ ಮೀಟರ್ ಇದ್ದದ್ದು 57.5 ಆಯಿತು. ಪಿಸ್ಟನ್ ಓಡಾಡುವ ಉದ್ದವೂ 57. ಸಿಲಿಂಡರಿನ ಗಾತ್ರದ ಸೂತ್ರವನ್ನು ಗಣಿತದ ಮೇಷ್ಟ್ರ ಹತ್ತಿರ ಕೇಳಿ ಲೆಕ್ಕ ಹಾಕಿದೆ. 145 ಸಿಸಿ ಇದ್ದ ಇಂಜಿನ್ ಈಗ 148 ಸಿಸಿ!

ಮೇಸ್ತ್ರಿ ಇನ್ನೊಂದು ತಪ್ಪನ್ನೂ ಹಿಡಿದರು. ಕ್ರ್ಯಾಂಕಿನ ಎರಡೂ ಕಡೆ ಆಯಿಲ್ ಸೀಲ್ ಅನ್ನುವ ರಬ್ಬರ್ ಬಳೆ ಇರುತ್ತೆ. ಆ ಪೆಟ್ಟಿಗೆಗೆ ಎಲ್ಲಿಂದಲೂ ಗಾಳಿ ನುಸುಳಬಾರದು. ಮ್ಯಾಗ್ನೆಟ್ ಕಡೆಯ ಸೀಲ್ ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದ ಗಾಳಿ ಸೇರಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಇಂಜಿನ್ ಬಿಸಿ ಏರುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ದಟ್ಟವಾಗಿ ಬರುತ್ತೆ. ಎರಡು ಸೀಲೂ, ಬೇರಿಂಗೂ ಹೊಸದು ಹಾಕಿದರು. ‘ಅರ್ಧ ತಪ್ಪು ನಿನ್ನದು, ಅರ್ಧ ಸೀಲಿನದು’ ಅಂತ ಮೇಸ್ತ್ರಿ ನಕ್ಕರು.

ಪಿಸ್ಟನ್ ಕೂರಿಸುವಾಗ ಅದರ ತಲೆ ಮೇಲಿನ ಬಾಣದ ಗುರುತು ಹೊಗೆ ಹೋಗುವ ತೂತಿನ ಕಡೆ ಇರಬೇಕು. ರಿಂಗಿನ ತುದಿಗಳು ಅಲ್ಲಿರುವ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ರಿಂಗ್ ತಿರುಗಿ ತೂತಿಗೆ ಸಿಕ್ಕಿ ಮುರಿಯುತ್ತೆ.

ರಿಪೇರಿ ಜೊತೆ ಒಂದು ಸುಧಾರಣೆಯನ್ನೂ ಮಾಡಿದರು. ಹಳೇ ಗಾಡಿಯಲ್ಲಿ ಕಿಡಿ ಬರೋದಕ್ಕೆ ಪಾಯಿಂಟ್ ಅಂತ ಇರುತ್ತೆ. ಎರಡು ಲೋಹದ ತುದಿಗಳು ಸೇರಿ ಬಿಟ್ಟು ಮಾಡ್ತಾ ಇರುತ್ತವೆ. ಅವು ಸವೆದರೆ ಕಿಡಿಯ ಸಮಯ ತಪ್ಪುತ್ತೆ. ಅದಕ್ಕೇ ತಾತ ಮಳೆಗಾಲದಲ್ಲಿ ಹತ್ತು ಸಲ ಕಿಕ್ ಹೊಡೀತಿದ್ದರು. ಈಗ ಅದನ್ನು ತೆಗೆದು ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಡಬ್ಬಿ ಹಾಕಿದ್ದಾರೆ. ಅದರಲ್ಲಿ ಕೆಪಾಸಿಟರ್ ವಿದ್ಯುತ್ತನ್ನು ಕೂಡಿಟ್ಟು ಸರಿಯಾದ ಕ್ಷಣಕ್ಕೆ ಒಮ್ಮೆಲೇ ಬಿಡುತ್ತೆ. ಒಂದಕ್ಕೊಂದು ತಗುಲುವ ತುದಿಗಳಿಲ್ಲ, ಆದ್ದರಿಂದ ಸವೆತವೂ ಇಲ್ಲ.

ನಾನು, ‘ಇನ್ನೂ ದೊಡ್ಡ ಪಿಸ್ಟನ್ ಹಾಕಿ ಸ್ಪೀಡ್ ಜಾಸ್ತಿ ಮಾಡಿ’ ಅಂದೆ. ಮೇಸ್ತ್ರಿ ಒಪ್ಪಲಿಲ್ಲ. ‘ಚಕ್ರ 10 ಇಂಚಿನದು, ಬ್ರೇಕು ಹಳೇದು. ಓಡೋದು ಹೆಚ್ಚಿಸಿದರೆ ನಿಲ್ಲೋದನ್ನೂ ಹೆಚ್ಚಿಸಬೇಕು’ ಅಂದರು. ಇದು ನನಗೆ ಬಹಳ ಸರಿ ಅನ್ನಿಸಿತು.

ಹೊಸ ಪಿಸ್ಟನ್ ಹಾಕಿದ ಮೇಲೆ ಜೋರಾಗಿ ಓಡಿಸಬಾರದು. ಮೊದಲ 500 ಕಿಲೋ ಮೀಟರ್ 40ರ ಒಳಗೇ ಇರಬೇಕು, ಆಯಿಲ್ ಲೀಟರಿಗೆ 30 ಮಿಲಿ ಹಾಕಬೇಕು ಅಂತ ಮೇಸ್ತ್ರಿ ಹೇಳಿದರು. ಪಿಸ್ಟನ್ನೂ ಸಿಲಿಂಡರೂ ಒಂದಕ್ಕೊಂದು ಹೊಂದಿಕೊಳ್ಳೋಕೆ ಟೈಮ್ ಬೇಕು.

ಎಂಟನೇ ದಿನ ಸಂಜೆ ತಾತನೇ ಕಿಕ್ ಹೊಡೆದರು. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ತಾತ ಇಂಜಿನ್ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು.

ಈಗಲೂ ಪೆಟ್ರೋಲ್ ಸುರಿಯೋ ಕೆಲಸ ನನ್ನದೇ. ತಾತ ಬೇರೆ ಯಾರಿಗೂ ಕೊಟ್ಟಿಲ್ಲ. ನಾನು ಮೊದಲು ಆಯಿಲ್ ಅಳೆದು ಬಾಟಲಿಗೆ ಹಾಕಿ, ಅಲ್ಲಾಡಿಸಿ, ಆಮೇಲೆ ಟ್ಯಾಂಕಿಗೆ ಸುರಿಯುತ್ತೇನೆ. ನಿಮ್ಮ ಮನೆಯಲ್ಲೂ ಹಳೇ ಸ್ಕೂಟರ್ ಇದ್ದರೆ ಹಾಗೇ ಮಾಡಿ. ತಪ್ಪಾದರೆ ಅದೇ ದಿನ ಹೇಳಿಬಿಡಿ.

ಇಂತಿ ನಿಮ್ಮ,
7ನೇ ತರಗತಿಯ ಸಹಪಾಠಿ